ಮನೆ ಮಾರಿ ದೋಣಿ ಕೊಳ್ಳೋಣ ಅನ್ನುತ್ತಾರೆ

ಪ್ರಶ್ನೆ: ನನಗೆ 57 ವರ್ಷ, ಯಜಮಾನರಿಗೆ 61. ಬಹಳ ವರ್ಷಗಳಿಂದ ಅಮೆರಿಕದ ಸಿಯಾಟಲ್ ಬಳಿ ಇದ್ದೇವೆ. ಮಗ, ಮಗಳು ಇಬ್ಬರೂ ಕೆಲಸ ಹಿಡಿದು ಬೇರೆ ಊರು ಸೇರಿದ್ದಾರೆ. ನಾನು ಕುಮಟಾ ಕಡೆಯವಳು, ಕಡಲು ನೋಡಿಕೊಂಡೇ ಬೆಳೆದವಳು. ಯಜಮಾನರು ಮಂಡ್ಯದವರು. ಇಲ್ಲಿಗೆ ಬಂದ ಮೇಲೆ ಅವರಿಗೆ ಹಾಯಿದೋಣಿಯ ಹುಚ್ಚು ಹತ್ತಿತು. ಮುಂದಿನ ಮಾರ್ಚಿಗೆ ನಿವೃತ್ತಿ. ಆಮೇಲೆ ಮನೆ ಮಾರಿ 36 ಅಡಿಯ ಹಾಯಿದೋಣಿ ಕೊಂಡು, ಸ್ಯಾನ್ ವಾನ್ ದ್ವೀಪಗಳಿಂದ ಕೆನಡಾದ ಗಲ್ಫ್ ದ್ವೀಪಗಳವರೆಗೆ ಓಡಾಡಿಕೊಂಡು ಅದರಲ್ಲೇ ಇದ್ದುಬಿಡೋಣ ಅನ್ನುತ್ತಾರೆ. ಕಳೆದ ಆಗಸ್ಟಿನಲ್ಲಿ ಬಾಡಿಗೆ ದೋಣಿಯಲ್ಲಿ ಸೂಸಿಯಾ ದ್ವೀಪಕ್ಕೆ ಹೋಗಿದ್ದೆವು. ಲಂಗರು ಹಾಕುವಾಗ ಅಕ್ಕಪಕ್ಕದ ದೋಣಿಯವರೆಲ್ಲ ತಿರುಗಿ ನೋಡುವಂತೆ ನನ್ನ ಮೇಲೆ ಕೂಗಾಡಿದರು. ರಾತ್ರಿಯಿಡೀ ದೋಣಿ ತೊಯ್ದಾಡಿತು. ಲಂಗರು ಕಿತ್ತು ಬಂಡೆಗೆ ಬಡಿದರೆ ಏನು ಗತಿ ಎಂದು ನನಗೆ ಕಣ್ಣು ಮುಚ್ಚಲಾಗಲಿಲ್ಲ. ಅವರು ಗೊರಕೆ ಹೊಡೆಯುತ್ತಿದ್ದರು. ಮಕ್ಕಳು ‘ಹೋಗಿಬನ್ನಿ ಅಮ್ಮಾ, ಮಜಾ ಇರತ್ತೆ’ ಅನ್ನುತ್ತಾರೆ. ಊರಲ್ಲಿರುವ ನನ್ನ ಅಮ್ಮ ‘ನೀರಿನ ಮೇಲೆ ಸಂಸಾರ ಮಾಡ್ತಾರೇನೇ?’ ಎಂದು ಕೇಳುತ್ತಾಳೆ. ಬೇಡ ಅಂದರೆ ಅವರ ಆಸೆಗೆ ಕಲ್ಲು ಹಾಕಿದವಳಾಗುತ್ತೇನೆ. ಹೂಂ ಅಂದರೆ ನನ್ನ ನೆಮ್ಮದಿ ಹೋಗುತ್ತದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮನೆ ಮಾರಬೇಡಿ. ದೋಣಿ ಬೇಡವೆಂದೂ ಈಗಲೇ ಹೇಳಬೇಡಿ. ಇವೆರಡರ ನಡುವೆ ಬೇಕಾದಷ್ಟು ಜಾಗವಿದೆ. ನಿಮ್ಮ ಯಜಮಾನರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಿಮ್ಮ ಮುಂದೆ ಇಟ್ಟಿರುವುದರಿಂದ ಅದು ನಿಮಗೆ ಕಾಣಿಸುತ್ತಿಲ್ಲ.

ನಾನು ಕಡಲು ತಿರುಗಿದವಳಲ್ಲ. ನಿಮ್ಮ ಪತ್ರ ಓದಿ, ಆ ನೀರಿನಲ್ಲಿ ದೋಣಿ ನಡೆಸುವವರೊಂದಿಗೆ ಮಾತಾಡಿದೆ, ಒಂದಿಷ್ಟು ಓದಿಕೊಂಡೆ. ಓದುತ್ತ ಹೋದಂತೆ ನಿಮ್ಮ ಭಯದಲ್ಲಿ ಎರಡು ಜಾತಿಯ ಭಯ ಕಲೆತಿದೆ ಅನ್ನಿಸಿತು. ಒಂದನ್ನು ಕಲಿತು ಕಳೆದುಕೊಳ್ಳಬಹುದು. ಇನ್ನೊಂದನ್ನು ಕಳೆದುಕೊಳ್ಳಲೇಬಾರದು.

ಆ ರಾತ್ರಿಯ ವಿಷಯವನ್ನೇ ತೆಗೆದುಕೊಳ್ಳಿ. ಎಷ್ಟು ಆಳದಲ್ಲಿ ಲಂಗರು ಹಾಕಿದ್ದರು, ಎಷ್ಟು ಸರಪಳಿ ಬಿಟ್ಟಿದ್ದರು ಎಂದು ನಿಮಗೆ ಗೊತ್ತಿತ್ತೆ? ಗೊತ್ತಿರಲಿಲ್ಲ ಅನ್ನುವುದು ನನ್ನ ಊಹೆ. ಲೆಕ್ಕ ಕಷ್ಟದ್ದೇನಲ್ಲ. ಇಳಿತದಲ್ಲಿ ನೀರು ಐದು ಮೀಟರ್ ಇದೆ ಅನ್ನಿ. ಆ ಭಾಗದಲ್ಲಿ ಉಬ್ಬರಕ್ಕೆ ಮೂರು ಮೀಟರ್ ಏರುವುದು ಸಾಮಾನ್ಯ. ನೀರಿನಿಂದ ದೋಣಿಯ ಮುಂತುದಿ ಒಂದು ಮೀಟರ್ ಎತ್ತರ. ಒಟ್ಟು ಒಂಬತ್ತಾಯಿತು. ಅದರ ಐದು ಪಟ್ಟು, ಅಂದರೆ 45 ಮೀಟರ್ ಸರಪಳಿ ಬೇಕು. ಗಾಳಿ ಹೆಚ್ಚಿದ್ದರೆ ಏಳು ಪಟ್ಟು. ಸರಪಳಿ ಉದ್ದಕ್ಕೆ ಮಲಗಿದ್ದಷ್ಟೂ ಲಂಗರು ನೆಲ ಕಚ್ಚಿ ಹಿಡಿಯುತ್ತದೆ. ಗಿಡ್ಡವಾದರೆ ಮೇಲಕ್ಕೆ ಎಳೆದಂತಾಗಿ ಕಿತ್ತುಬರುತ್ತದೆ. ದೋಣಿ ಒಂದು ಸುತ್ತಳತೆ ದಾಟಿ ಸರಿದರೆ ಬಾರಿಸುವ ಎಚ್ಚರಿಕೆ ಗಂಟೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ಯಜಮಾನರ ತಲೆಯಲ್ಲಿ ಈ ಲೆಕ್ಕವಿತ್ತು, ಅದಕ್ಕೇ ನಿದ್ದೆ ಬಂತು. ನಿಮ್ಮ ಪಾಲಿಗೆ ಬಂದದ್ದು ತೊಯ್ದಾಟ ಮಾತ್ರ. ಅಂದಹಾಗೆ, ಸೂಸಿಯಾದಲ್ಲಿ ಎಲ್ಲರೂ ಹೋಗಿ ನಿಲ್ಲುವ ಎಕೋ ಬೇ ಆಗ್ನೇಯದ ಕಡೆ ತೆರೆದುಕೊಂಡ ಕೊಲ್ಲಿ. ನೀವು ನಿಂತದ್ದು ಅಲ್ಲೇ ಆಗಿದ್ದರೆ, ಆ ದಿಕ್ಕಿನಿಂದ ಅಲೆ ನುಗ್ಗಿದಾಗ ತೊಯ್ದಾಟ ತಪ್ಪಿದ್ದಲ್ಲ. ಅದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ.

ಇನ್ನು ಕೂಗಾಟ. ಇದರಲ್ಲಿ ನೀವು ಒಬ್ಬರೇ ಅಲ್ಲ, ಸಮಾಧಾನ ಮಾಡಿಕೊಳ್ಳಿ. ಹಾಯಿದೋಣಿಯ ದಂಪತಿಗಳ ಜಗಳಗಳಲ್ಲಿ ಹೆಚ್ಚಿನವು ಲಂಗರು ಹಾಕುವಾಗ ಇಲ್ಲವೇ ಕಟ್ಟೆಗೆ ಹಚ್ಚುವಾಗ ಹುಟ್ಟುವಂಥವು. ಒಬ್ಬರು ಮುಂತುದಿಯಲ್ಲಿ, ಇನ್ನೊಬ್ಬರು ಹಿಂದೆ ಚುಕ್ಕಾಣಿಯಲ್ಲಿ. ನಡುವೆ ಇಂಜಿನ್ ಸದ್ದು, ಗಾಳಿ. ಕೇಳಿಸಲೆಂದು ದನಿ ಎತ್ತಿದರೆ ಬೈದಂತೆ ಕೇಳುತ್ತದೆ, ಬೈದಂತೆ ಕೇಳಿದ್ದಕ್ಕೆ ಉತ್ತರವೂ ಹಾಗೇ ಬರುತ್ತದೆ. ಇಬ್ಬರೂ ತಲೆಗೆ ಹಾಕಿಕೊಂಡು ಮೆಲ್ಲಗೆ ಮಾತಾಡುವ ಹೆಡ್‌ಸೆಟ್‌ಗೆ ಆ ಕಡೆಯ ದೋಣಿಯವರು ‘ಮದುವೆ ಉಳಿಸುವ ಯಂತ್ರ’ ಎಂದೇ ಹೆಸರಿಟ್ಟಿದ್ದಾರಂತೆ. ಅದಿಲ್ಲದಿದ್ದರೆ ಕೈಸನ್ನೆ ಸಾಕು: ಮುಂದೆ, ಹಿಂದೆ, ನಿಲ್ಲಿಸು, ಸರಪಳಿ ಬಿಡು. ದಡದಲ್ಲಿ ಇರುವಾಗಲೇ ಇಬ್ಬರೂ ಕೂತು ಸನ್ನೆಗಳನ್ನು ಗೊತ್ತು ಮಾಡಿಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು, ಜಾಗ ಅದಲು ಬದಲು ಮಾಡಿಕೊಳ್ಳಿ. ಹೆಚ್ಚಿನ ಕಡೆ ಗಂಡ ಚುಕ್ಕಾಣಿ ಹಿಡಿದು ನಿಂತಿರುತ್ತಾನೆ, ಹೆಂಡತಿ ಮುಂದೆ ಬಗ್ಗಿ ಭಾರದ ಸರಪಳಿಯ ಜೊತೆ ಗುದ್ದಾಡುತ್ತಿರುತ್ತಾಳೆ. ಇದು ಯಾವ ನ್ಯಾಯವೋ ನನಗೆ ತಿಳಿಯದು. ಚುಕ್ಕಾಣಿಗೆ ತೋಳ್ಬಲ ಬೇಡ, ನಿಧಾನ ಬೇಕು. ಅದು ನಿಮ್ಮಲ್ಲಿ ಇದೆ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಲಂಗರು ಯಜಮಾನರ ಪಾಲಿಗಿರಲಿ.

ಆದರೆ ದೋಣಿ ನಡೆಸುವುದನ್ನು ಅವರಿಂದ ಕಲಿಯಬೇಡಿ. ಗಂಡನಿಂದ ಕಾರು ಕಲಿಯಲು ಹೊರಟ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಎರಡನೇ ವಾರಕ್ಕೆ ಸ್ಟೀರಿಂಗ್ ಬಿಟ್ಟರೆಂದು ನಿಮಗೇ ಗೊತ್ತು. ಅನಕಾರ್ಟಿಸ್, ಬೆಲಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ದೋಣಿಯಲ್ಲೇ ಉಳಿದು ಕಲಿಯುವ ಶಿಬಿರಗಳಿವೆ. ಹೆಂಗಸರಿಗೆಂದೇ ನಡೆಸುವ ತರಗತಿಗಳೂ ಇವೆ. ಹಾಯಿದೋಣಿ ಕಲಿಸುವ ಎಎಸ್‌ಎ ಸಂಸ್ಥೆಯ 101ನೇ ತರಗತಿಯಿಂದ ಶುರುಮಾಡಿ 103, 104 ಎಂದು ಮೆಟ್ಟಿಲು ಹತ್ತಬಹುದು. ಹೇಗಿದ್ದರೂ 15 ಅಶ್ವಶಕ್ತಿ ಅಥವಾ ಅದಕ್ಕೂ ಮೇಲ್ಪಟ್ಟ ಇಂಜಿನ್ ಇರುವ ದೋಣಿ ನಡೆಸಲು ವಾಷಿಂಗ್ಟನ್ ರಾಜ್ಯದಲ್ಲಿ ನಿಮ್ಮ ವಯಸ್ಸಿನವರಿಗೂ ಬೋಟರ್ ಕಾರ್ಡ್ ಕಡ್ಡಾಯ. ಯಜಮಾನರ ಹೆಸರಿನಲ್ಲಿರುವ ಕಾರ್ಡಿನ ಜೊತೆಗೆ ನಿಮ್ಮದೂ ಒಂದಿರಲಿ.

ಈಗ ಕಳೆದುಕೊಳ್ಳಬಾರದ ಭಯಕ್ಕೆ ಬರೋಣ. ಆ ನೀರು ಕುಮಟಾದ ನೀರಲ್ಲ. ಬೇಸಿಗೆಯಲ್ಲೂ ಬಹಳ ಕಡೆ 10–12 ಡಿಗ್ರಿ ಸೆಲ್ಸಿಯಸ್ಸಿನಷ್ಟೇ ಇರುತ್ತದೆ. ತಣ್ಣೀರಿಗೆ ಬಿದ್ದವರ ಬಗ್ಗೆ ಅಲ್ಲಿ 1-10-1 ಎಂಬ ಲೆಕ್ಕ ಕಲಿಸುತ್ತಾರೆ. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಹತ್ತು ನಿಮಿಷದೊಳಗೆ ಕೈಕಾಲು ಸೋಲುತ್ತವೆ, ಸುಮಾರು ಒಂದು ಗಂಟೆಗೆ ಪ್ರಜ್ಞೆ ಹೋಗುತ್ತದೆ. ಈಜು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಆದ್ದರಿಂದ ನೀವು ಕೇಳಿಕೊಳ್ಳಬೇಕಾದದ್ದು ‘ನಾನು ಬಿದ್ದರೆ?’ ಎಂದಲ್ಲ, ‘ಅವರು ಬಿದ್ದರೆ?’ ಎಂದು. ಆಗ ದೋಣಿಯಲ್ಲಿ ಉಳಿಯುವವರು ನೀವೊಬ್ಬರೇ. ಹಾಯಿ ಇಳಿಸಬೇಕು, ತಿರುಗಿ ಹತ್ತಿರ ಬರಬೇಕು, ರೇಡಿಯೋದ 16ನೇ ಚಾನೆಲಿನಲ್ಲಿ ಕೋಸ್ಟ್ ಗಾರ್ಡನ್ನು ಕರೆಯಬೇಕು, ಆಮೇಲೆ ನೆನೆದ ಬಟ್ಟೆಯ ಭಾರೀ ಗಂಡಸನ್ನು ಮೇಲೆತ್ತಬೇಕು. ಬರೀ ಕೈಯಲ್ಲಿ ಅದು ಆಗುವ ಮಾತಲ್ಲ. ಇದಕ್ಕೆಂದೇ ‘ಲೈಫ್‌ಸ್ಲಿಂಗ್’ ಎಂಬ ಪಟ್ಟಿ ಇದೆ; ಹಗ್ಗದ ತುದಿಗೆ ಕಟ್ಟಿ ನೀರಿಗೆಸೆದು, ಬಿದ್ದವರ ಸುತ್ತ ದೋಣಿ ತಿರುಗಿಸಿ ಅವರ ಕೈಗೆ ಸಿಗಿಸುವುದು, ಆಮೇಲೆ ರಾಟೆಯಿಂದ ಎತ್ತುವುದು. ಅದು ರೂಪುಗೊಂಡದ್ದು ನಿಮ್ಮ ಸಿಯಾಟಲ್‌ನಲ್ಲೇ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಬಿದ್ದಾಗ ಉಳಿದವರು ಅಸಹಾಯಕರಾಗಬಾರದು ಎಂಬುದೇ ಅದರ ಉದ್ದೇಶ. ಯಜಮಾನರು ಬೆಚ್ಚಗೆ ಡೆಕ್ಕಿನ ಮೇಲೆ ಕೂತಿರಲಿ. ನೀರಿಗೊಂದು ದಿಂಬು ಎಸೆದು, ನೀವೊಬ್ಬರೇ ಅದನ್ನು ಎತ್ತಿ ತರುವ ಅಭ್ಯಾಸ ಮಾಡಿ. ಅವರು ತುಟಿ ಪಿಟಕ್ ಅನ್ನಬಾರದು.

ಹೊಳೆಯಂತೆ ಹರಿಯುವ ಉಬ್ಬರ–ಇಳಿತ ಆ ದ್ವೀಪಗಳ ಇನ್ನೊಂದು ಸ್ವಭಾವ. ವಿಡ್ಬಿ ಮತ್ತು ಫಿಡಾಲ್ಗೊ ದ್ವೀಪಗಳ ನಡುವಿನ ಡಿಸೆಪ್ಷನ್ ಪಾಸ್‌ನಲ್ಲಿ ನೀರು ಎಂಟು ನಾಟ್ ವೇಗದಲ್ಲಿ ನುಗ್ಗುವ ದಿನಗಳಿವೆ. ನೀವು ಕೊಳ್ಳಲಿರುವ ಅಳತೆಯ ದೋಣಿ ಇಂಜಿನ್ ಹಾಕಿದರೂ ಓಡುವುದು ಆರೇಳು ನಾಟ್. ಅಂದರೆ ಮುಂದಕ್ಕೆ ಹೋಗುತ್ತಲೇ ಹಿಂದಕ್ಕೆ ಸಾಗುತ್ತೀರಿ. ವೇಳಾಪಟ್ಟಿ ನೋಡಿ, ನೀರು ನಿಂತ ಹೊತ್ತಿಗೆ ಸರಿಯಾಗಿ ದಾಟಬೇಕು. ಬೇಸಿಗೆಯ ಕೊನೆಗೆ ಬೆಳಗಿನ ಮಂಜು, ತೇಲಿಬರುವ ಮರದ ದಿಮ್ಮಿಗಳು, ಚಳಿಗಾಲದಲ್ಲಿ ಆಗ್ನೇಯದ ಬಿರುಗಾಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯ ಒಳಗೇ ಹೊತ್ತು ಮುಳುಗುತ್ತದೆ. ‘ಅದರಲ್ಲೇ ಇದ್ದುಬಿಡೋಣ’ ಅನ್ನುವಾಗ ನಿಮ್ಮ ಯಜಮಾನರ ಕಣ್ಣಮುಂದೆ ಇರುವುದು ಜುಲೈ ತಿಂಗಳು. ಅವರನ್ನು ಜನವರಿಯ ಒಂದು ವಾರ ಬಾಡಿಗೆ ದೋಣಿಯಲ್ಲಿ ಮಲಗಿಸಿ ನೋಡಿ. ಒಳಗೋಡೆಯಿಂದ ತೊಟ್ಟಿಕ್ಕುವ ನೀರು ಅರ್ಧ ವಾದವನ್ನು ನಿಮ್ಮ ಪರವಾಗಿ ಮಂಡಿಸುತ್ತದೆ.

ಇಲ್ಲಿ ನೀವು ಕರಾವಳಿಯವರು ಎಂಬುದು ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಶ್ರಾವಣದಲ್ಲಿ ಕಡಲಿಗೆ ಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸುತ್ತಾರೆ. ಕಡಲನ್ನೇ ನಂಬಿ ಬದುಕುವವರು ಹೋಗಬಾರದ ದಿನ ಯಾವುದೆಂದು ತಿಳಿದಿರುತ್ತಾರೆ. ನಿಮ್ಮ ಅಮ್ಮನ ಮಾತಿನಲ್ಲಿರುವುದೂ ಆ ತಿಳಿವಳಿಕೆಯೇ. ಆದ್ದರಿಂದ ದೋಣಿ ಹತ್ತುವ ಮೊದಲೇ ಒಂದು ಕರಾರು ಮಾಡಿಕೊಳ್ಳಿ: ಇಬ್ಬರಲ್ಲಿ ಯಾರಾದರೂ ‘ಇವತ್ತು ಬೇಡ’ ಅಂದರೆ ಬೇಡ. ಕಾರಣ ಕೇಳುವಂತಿಲ್ಲ, ಮುಖ ಊದಿಸಿಕೊಳ್ಳುವಂತಿಲ್ಲ. ಈ ಕರಾರಿಗೆ ಯಜಮಾನರು ಒಪ್ಪದಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ನನ್ನ ಉತ್ತರ ಬೇರೆಯೇ ಇರುತ್ತದೆ.

ಹೆಂಗಸು, ವಯಸ್ಸು ಎಂಬ ಮಾತು ನಿಮ್ಮ ಪತ್ರದಲ್ಲಿ ಇಲ್ಲ. ಮನಸ್ಸಿನಲ್ಲಿ ಇದ್ದರೆ ಇದನ್ನು ಓದಿ. ಎಂ. ವೈಲಿ ಬ್ಲಾಂಚೆಟ್ ಎಂಬಾಕೆ ಗಂಡ ತೀರಿಕೊಂಡ ಮೇಲೆ ಐದು ಮಕ್ಕಳನ್ನು ಕಟ್ಟಿಕೊಂಡು, ‘ಕಪ್ರೀಸ್’ ಎಂಬ 25 ಅಡಿಯ ದೋಣಿಯಲ್ಲಿ ಬೇಸಿಗೆ ಬೇಸಿಗೆಗೂ ಬ್ರಿಟಿಷ್ ಕೊಲಂಬಿಯಾದ ಕರಾವಳಿ ಸುತ್ತಿದಳು. ಇಂಜಿನ್ ಕೆಟ್ಟರೆ ತಾನೇ ಬಿಚ್ಚಿ ಕೂರುತ್ತಿದ್ದಳು. ಅವಳ ‘ದಿ ಕರ್ವ್ ಆಫ್ ಟೈಮ್’ 1961ರಲ್ಲಿ ಪುಸ್ತಕವಾಗಿ ಬಂತು. ಈಗಲೂ ಆ ನೀರಿನ ಬಹಳ ದೋಣಿಗಳ ಕಪಾಟಿನಲ್ಲಿ ಅದು ಇರುತ್ತದೆ. ಹೊಸ ಉದಾಹರಣೆ ಬೇಕೆಂದರೆ ನಮ್ಮ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. ಇದ್ದಾರೆ. 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, ಇಬ್ಬರೇ ‘ತಾರಿಣಿ’ ಹಾಯಿದೋಣಿಯಲ್ಲಿ ಭೂಮಿ ಸುತ್ತಿ 2025ರ ಮೇ 29ರಂದು ಮರಳಿದರು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರೇ ಕಪ್ತಾನರು. ನಿಮ್ಮ ಸಂಸಾರಕ್ಕೂ ಇದೇ ನಿಯಮ.

ದುಡ್ಡಿನ ಮಾತು. ದೋಣಿಯ ಬೆಲೆಯ ನೂರಕ್ಕೆ ಹತ್ತರಷ್ಟನ್ನು ವರ್ಷ ವರ್ಷ ದುರಸ್ತಿ, ನಿರ್ವಹಣೆಗೆ ತೆಗೆದಿಡಿ ಎಂಬುದು ದೋಣಿಯವರ ರೂಢಿಯ ಲೆಕ್ಕ. ದೋಣಿಯ ಬೆಲೆ ಇಳಿಯುತ್ತದೆ; ಸಿಯಾಟಲ್‌ನಲ್ಲಿ ಮಾರಿದ ಮನೆಯನ್ನು ಮತ್ತೆ ಕೊಳ್ಳುವುದು ಸುಲಭವಲ್ಲ. ಇನ್ನೊಂದು ತೊಡಕಿದೆ. ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಜಲಭೂಮಿಯ ಮೇಲಿರುವ ಮರೀನಾಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಜಾಗವಷ್ಟೇ. ಸರದಿ ಕಾಯಬೇಕು. ಮನೆ ಮಾರಿ ಬಂದವರು ಚಳಿಗಾಲಕ್ಕೆ ಎಲ್ಲಿ ದೋಣಿ ಕಟ್ಟಬೇಕೆಂದು ತಿಳಿಯದೆ ಪರದಾಡಿದರೆ ಆಶ್ಚರ್ಯವಿಲ್ಲ. ಬೇಕಿದ್ದರೆ ಬೇಸಿಗೆಯ ಮಟ್ಟಿಗೆ ಮನೆ ಬಾಡಿಗೆಗೆ ಕೊಡಿ. ದೋಣಿ ಕೊಳ್ಳುವುದೇ ಆದರೆ ಮಾರುವವರಿಗೆ ಸಂಬಂಧವಿಲ್ಲದ ಸರ್ವೇಯರ್ ಒಬ್ಬರಿಂದ, ನೀರಿನಿಂದ ಮೇಲೆತ್ತಿಸಿ ತಪಾಸಣೆ ಮಾಡಿಸಿ. ಕಾಗದದಲ್ಲಿ ಇಬ್ಬರ ಹೆಸರೂ ಇರಲಿ.

ಅಡುಗೆಮನೆಯ ಬಗ್ಗೆ ಚಿಂತೆ ಬೇಡ. ಹಾಯಿದೋಣಿಯವರು ಅತಿಯಾಗಿ ಹೊಗಳುವ ಪಾತ್ರೆ ಪ್ರೆಶರ್ ಕುಕ್ಕರ್. ಮುಚ್ಚಳ ಬಿಗಿಯಾಗಿರುವುದರಿಂದ ದೋಣಿ ವಾಲಿದರೂ ಚೆಲ್ಲದು, ಗ್ಯಾಸೂ ಉಳಿಯುತ್ತದೆ. ಅವಲಕ್ಕಿ, ಚಟ್ನಿಪುಡಿ, ಹಪ್ಪಳಕ್ಕೆ ಫ್ರಿಜ್ ಬೇಡ. ಆದರೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಸೋರಿಕೆ ಪತ್ತೆ ಮಾಡುವ ಗಂಟೆ ಇಲ್ಲದ ದೋಣಿ ಬೇಡ. ಕಕ್ಕಸಿನ ನೀರನ್ನು ಸಿಯಾಟಲ್ ಕಡೆಯ ಪ್ಯುಜೆಟ್ ಸೌಂಡ್ ಕಡಲಿಗೆ ಬಿಡುವುದು 2018ರಿಂದ ನಿಷಿದ್ಧ. ಟ್ಯಾಂಕ್ ತುಂಬಿದಾಗ ಮರೀನಾದ ಪಂಪ್‌ಗೆ ಹಚ್ಚಿ ಖಾಲಿ ಮಾಡಬೇಕು. ಆ ಕೆಲಸ ಯಾರದೆಂದು ಈಗಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ನನ್ನ ಮತ ಯಜಮಾನರಿಗೆ.

ಅದಕ್ಕಿಂತ ದೊಡ್ಡ ಕಷ್ಟ, ಇಪ್ಪತ್ತನಾಲ್ಕು ಗಂಟೆಯೂ ಒಬ್ಬರಿಗೊಬ್ಬರು ಎದುರಿಗಿರುವುದು. ಸಿಟ್ಟು ಬಂದರೆ ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲ. ಸಣ್ಣ ಡಿಂಗಿಯನ್ನು ನೀವೇ ನಡೆಸಲು ಕಲಿಯಿರಿ. ಬೇಕೆನಿಸಿದಾಗ ಒಬ್ಬರೇ ದಡಕ್ಕೆ ಹೋಗಿ ಬರುವಂತಿರಬೇಕು. ವಾರಕ್ಕೊಮ್ಮೆ ಫ್ರೈಡೇ ಹಾರ್ಬರ್‌ನಂಥ ಊರಿಗೆ ಹಚ್ಚಿ, ಸಿಗ್ನಲ್ ಇರುವಲ್ಲಿ ಅಮ್ಮನೊಂದಿಗೆ ನಿಧಾನವಾಗಿ ಮಾತಾಡಿ. ಗಣೇಶನ ಹಬ್ಬಕ್ಕೆ ಮನೆಗೆ ಬರುವುದು ಖಚಿತವಿರಲಿ. ಮನೆ ಉಳಿಸಿಕೊಳ್ಳಿ ಎಂದದ್ದು ಇದಕ್ಕೂ ಸೇರಿಸಿಯೇ.

ಈ ಪುಟವನ್ನು ಯಜಮಾನರಿಗೂ ಕೊಡಿ. ಸ್ವಾಮಿ, ನಿಮ್ಮ ಆಸೆ ಒಳ್ಳೆಯದೇ. ಆದರೆ ಆ ರಾತ್ರಿ ನಿಮ್ಮ ಹೆಂಡತಿ ನಿದ್ದೆಗೆಟ್ಟದ್ದು ನಿಮಗೆ ತಿಳಿಯದೇ ಹೋಯಿತು. ನಿಮ್ಮ ಯೋಜನೆಯಲ್ಲಿ ನಾನು ಕಂಡ ದೊಡ್ಡ ತೂತು ಅದು.

ತಾಯೀ, ಈ ವರ್ಷ ಮನೆ ಮಾರುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಒಂದು ಬೇಸಿಗೆ ಬಾಡಿಗೆ ದೋಣಿಯಲ್ಲಿ ಹೋಗಿಬನ್ನಿ. ಯಜಮಾನರು ಕ್ಯಾಬಿನ್ನಿನಲ್ಲಿ ಮಲಗಿರುವಾಗ ನೀವೊಬ್ಬರೇ ದೋಣಿಯನ್ನು ಕಟ್ಟೆಗೆ ತಂದು ಹಚ್ಚಿದ ಮೇಲೆ, ಕೊಳ್ಳಬೇಕೋ ಬೇಡವೋ ಎಂಬ ಮಾತು ತೆಗೆಯಿರಿ. ಅಲ್ಲಿಯವರೆಗೆ ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ತರಗತಿಗೆ ಮಾತ್ರ ಚಳಿಗಾಲದಲ್ಲೇ ಹೆಸರು ಕೊಟ್ಟಿಡಿ, ಬೇಸಿಗೆಯ ಜಾಗಗಳು ಬೇಗ ಭರ್ತಿಯಾಗುತ್ತವೆ.