ಮೋಟಾರಿನ ಬೆನ್ನ ಹಿಂದೆ ಸೈಕಲ್ ಅಭ್ಯಾಸ

ಬೆಳಗಿನ ಹೊತ್ತು ಮಲಾಡಿನ ಸ್ವಾಮಿ ವಿವೇಕಾನಂದ ರಸ್ತೆಯಲ್ಲಾಗಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಾಗಲಿ ನಿಂತು ನೋಡಿದರೆ ಒಂದು ದೃಶ್ಯ ಕಣ್ಣಿಗೆ ಬೀಳುವುದುಂಟು. ಮುಂದೆ ಒಂದು ಟೆಂಪೊ ಅಥವಾ ಲಾರಿ ಓಡುತ್ತಿರುತ್ತದೆ. ಅದರ ಬೆನ್ನಿಗೆ ಎರಡು ಮೊಳದ ಅಂತರದಲ್ಲಿ ತರುಣನೊಬ್ಬನು ತಲೆ ಬಗ್ಗಿಸಿ ಸೈಕಲ್ ತುಳಿಯುತ್ತಿರುತ್ತಾನೆ. ಏಕಪ್ಪಾ ಹೀಗೆ ಎಂದು ಕೇಳಿದರೆ, “ರೇಸಿಗೆ ಪ್ರಾಕ್ಟೀಸು” ಎಂಬ ಉತ್ತರ ಬರುತ್ತದೆ. ದೊಡ್ಡ ದೊಡ್ಡ ಪಟುಗಳೂ ಮೋಟಾರಿನ ಹಿಂದೆಯೇ ಅಭ್ಯಾಸ ಮಾಡುತ್ತಾರೆಂದು ಅವನು ಕೇಳಿರುತ್ತಾನೆ.

ಅವನು ಕೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ವಿಷಯ ಮಾತ್ರ. ಉಳಿದರ್ಧವನ್ನು ತಿಳಿಯದೆ ರಸ್ತೆಗಿಳಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಈ ಅಭ್ಯಾಸವೆಂದರೇನು, ಅದರಿಂದ ಪ್ರಯೋಜನವೇನು, ಯಾವ ಕಟ್ಟುಪಾಡಿನಲ್ಲಿ ಅದು ನಡೆಯಬೇಕು, ನಮ್ಮಂಥ ದುಡಿಯುವ ಜನಕ್ಕೆ ಅದರ ಬದಲಿಗೆ ಏನಿದೆ ಎಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

ಗಾಳಿಯೆಂಬ ಗೋಡೆ

ಸೈಕಲ್ ಸವಾರನಿಗೆ ಅತಿ ದೊಡ್ಡ ಎದುರಾಳಿ ಯಾರು? ಸಮತಟ್ಟಾದ ರಸ್ತೆಯಲ್ಲಿ ಅದು ಗಾಳಿ. ಲೋಕಲ್ ಗಾಡಿಯ ಬಾಗಿಲ ಬಳಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಡಿ ನಿಲ್ದಾಣದಿಂದ ಹೊರಡುವಾಗ ಮುಖಕ್ಕೆ ತಣ್ಣಗೆ ಸೋಕುವ ಗಾಳಿಯೇ ಗೋರೆಗಾಂವ್ ದಾಟುವಷ್ಟರಲ್ಲಿ ಅಂಗಿಯನ್ನು ಎಳೆದಾಡುತ್ತದೆ. ಮಧ್ಯಾಹ್ನದ ಮೇಲೆ ಮಾರ್ವೆಯ ಕಡೆಗೆ ಸೈಕಲ್ ತುಳಿದವರೂ ಸಮುದ್ರದ ಎದುರುಗಾಳಿಯ ಬಲವನ್ನು ಬಲ್ಲರು.

ಇದಕ್ಕೊಂದು ಲೆಕ್ಕವಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಅಷ್ಟು ವೇಗದಲ್ಲಿ ಸೀಳಿಕೊಂಡು ಹೋಗಲು ಕಾಲುಗಳು ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರಿನಲ್ಲಿ ಆರಾಮವಾಗಿ ಹೋಗುವವನು 40ಕ್ಕೆ ಏರಬೇಕಾದರೆ ಎರಡರಷ್ಟು ದುಡಿದರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. 40ರ ವೇಗದಲ್ಲಿ ಸವಾರನ ದುಡಿಮೆಯ ಬಹುಪಾಲು ಗಾಳಿಗೇ ಸಲ್ಲುತ್ತದೆ. ಟೈರಿಗೂ ಚೈನಿಗೂ ಸಲ್ಲುವುದು ಅಲ್ಪ.

ಈಗ ಸವಾರನ ಮುಂದೆ ಇನ್ನೊಬ್ಬ ಸವಾರನನ್ನೋ ಮೋಟಾರು ವಾಹನವನ್ನೋ ಇಟ್ಟು ನೋಡೋಣ. ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನ ಹಿಂದೆ ಸ್ವಲ್ಪ ದೂರ ಗಾಳಿಯ ಮರೆ ಉಂಟಾಗುತ್ತದೆ. ರೇಸಿನ ವೇಗದಲ್ಲಿ ಒಬ್ಬ ಸವಾರನ ಹಿಂದೆ ಒತ್ತಾಗಿ ಹೋಗುವವನಿಗೆ ಶ್ರಮದಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಳಿತಾಯ. ದೊಡ್ಡ ವಾಹನದ ಹಿಂದೆ ಉಳಿತಾಯ ಇನ್ನೂ ಬಹಳ ಹೆಚ್ಚು.

ಎಷ್ಟು ಹೆಚ್ಚು ಎಂಬುದಕ್ಕೆ ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು. 2022ರ ಅಕ್ಟೋಬರ್ 8ರಂದು ಇಟಲಿಯ ಫಿಲಿಪ್ಪೊ ಗನ್ನಾ ಯಾರ ಮರೆಯೂ ಇಲ್ಲದೆ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ಸವಾರಿ ಮಾಡಿದನು. ಅದಕ್ಕೆ 94 ವರ್ಷ ಹಿಂದೆ, 1928ರಲ್ಲಿ, ಬೆಲ್ಜಿಯಮ್ಮಿನ ಲಿಯೊ ವಾಂಡರ್‌ಸ್ಟೂಯ್ಫ್ಟ್ ಫ್ರಾನ್ಸಿನ ಮೋಂಟ್ಲೆರಿ ಪಥದಲ್ಲಿ ಮೋಟಾರು ಸೈಕಲ್ಲಿನ ಹಿಂದೆ ಒಂದು ಗಂಟೆಯಲ್ಲಿ 122.771 ಕಿಲೋಮೀಟರ್ ಹೋಗಿದ್ದನು. ಗನ್ನಾನದು ಇಂದಿನ ವಿಜ್ಞಾನದ ಸೈಕಲ್ಲು, ಇಂದಿನ ತರಬೇತಿ. ಆದರೂ ದೂರ ಅರ್ಧಕ್ಕಿಂತ ಕಡಿಮೆ. ಈ ವ್ಯತ್ಯಾಸವೆಲ್ಲ ಗಾಳಿಯ ಮರೆಯದು.

ಮರೆಯ ಸವಾರಿಯ ಹಿಂದಿನ ಕಥೆ

1899ರ ಜೂನ್ 30ರಂದು ಅಮೆರಿಕದ ಚಾರ್ಲ್ಸ್ ಮರ್ಫಿ ಎಂಬವನು ರೈಲಿನ ಹಿಂದೆ ಸೈಕಲ್ ಓಡಿಸಿ ಒಂದು ಮೈಲಿಯನ್ನು 57.8 ಸೆಕೆಂಡುಗಳಲ್ಲಿ ಮುಗಿಸಿದನು. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಹಳಿಗಳ ನಡುವೆ ಹಲಗೆ ಹಾಸಿ ಅವನಿಗೆ ದಾರಿ ಮಾಡಿದ್ದರು. ಡಬ್ಬಿಯ ಹಿಂಬದಿಗೆ ಗಾಳಿ ತಡೆಯುವ ಮರೆಯನ್ನು ಕಟ್ಟಿದ್ದರು. ಕೊನೆಯಲ್ಲಿ ಡಬ್ಬಿಯಲ್ಲಿದ್ದವರು ಕೈಚಾಚಿ ಅವನನ್ನು ಮೇಲಕ್ಕೆ ಎಳೆದುಕೊಂಡರು. ಮರ್ಫಿ ಬದುಕಿ ಉಳಿದು ಮುಂದೆ ಪೊಲೀಸು ಕೆಲಸಕ್ಕೆ ಸೇರಿದನು.

1962ರಲ್ಲಿ ಫ್ರಾನ್ಸಿನ ಜೋಸೆ ಮೆಫ್ರೆ ಜರ್ಮನಿಯ ಫ್ರೈಬರ್ಗ್ ಬಳಿ ಕಾರಿನ ಹಿಂದೆ ಗಂಟೆಗೆ 204 ಕಿಲೋಮೀಟರ್ ದಾಟಿದನು. ಅವನ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ 130 ಹಲ್ಲುಗಳಿದ್ದವು. ನಾವು ಬಳಸುವ ಸಾದಾ ಸೈಕಲ್ಲಿಗೆ ಸಾಮಾನ್ಯವಾಗಿ 44 ಇರುತ್ತವೆ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬೊನೆವಿಲ್ ಉಪ್ಪುಬಯಲಿನಲ್ಲಿ ಡೆನಿಸ್ ಮ್ಯುಲರ್-ಕೊರೆನೆಕ್ ಎಂಬ 45 ವರ್ಷದ ಮಹಿಳೆ, ಮೂರು ಮಕ್ಕಳ ತಾಯಿ, ಗಂಟೆಗೆ 296 ಕಿಲೋಮೀಟರ್ ವೇಗವನ್ನು ಮುಟ್ಟಿದಳು. ಮುಂದಿನ ಕಾರನ್ನು ಓಡಿಸಿದವಳು ಶೇ ಹೋಲ್‌ಬ್ರುಕ್ ಎಂಬ ಇನ್ನೊಬ್ಬ ಮಹಿಳೆ. ಕಾರಿನವಳ ಕಾಲು ತಪ್ಪಿ ವೇಗ ಏರುಪೇರಾಗಿದ್ದರೆ ಹಿಂದಿನವಳು ಗಾಳಿಯ ಹೊಡೆತಕ್ಕೆ ಸಿಕ್ಕುತ್ತಿದ್ದಳು. ಹೀಗಾಗಿ ಈ ದಾಖಲೆ ಇಬ್ಬರದೂ ಹೌದು.

ತರಬೇತಿಯಲ್ಲಿ ಇದರ ಉಪಯೋಗ

ದಾಖಲೆಯ ಮಾತು ಹಾಗಿರಲಿ. ಮರೆಯಲ್ಲಿ ಶ್ರಮ ಕಡಿಮೆಯಾಗುವುದಾದರೆ ಅದು ಅಭ್ಯಾಸ ಹೇಗಾದೀತು ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ.

ರೇಸಿನಲ್ಲಿ ಸವಾರರು ಗುಂಪಾಗಿ ಓಡುತ್ತಾರೆ. ಗುಂಪಿನ ವೇಗ ಒಬ್ಬಂಟಿಯ ವೇಗಕ್ಕಿಂತ ಹೆಚ್ಚು. ಅದೂ ಆಗಾಗ ಥಟ್ಟನೆ ಏರುತ್ತದೆ. ಒಬ್ಬನೇ ಅಭ್ಯಾಸ ಮಾಡುವವನ ಕಾಲಿಗೆ ಆ ವೇಗದ ಪರಿಚಯವೇ ಆಗುವುದಿಲ್ಲ. ಮೋಟಾರಿನ ಮರೆಯಲ್ಲಿ ಅವನು ರೇಸಿನ ವೇಗದಲ್ಲೇ ತುಳಿದು ಕಾಲಿಗೆ ಆ ಲಯವನ್ನು ಕಲಿಸಬಹುದು. ವೇಗವನ್ನು ಪೇಸರನು, ಎಂದರೆ ಮುಂದಿನ ವಾಹನದವನು, ನಿಗದಿ ಮಾಡುವುದರಿಂದ ಸವಾರನು ತನಗೆ ಬೇಕಾದಾಗ ಸಡಿಲ ಬಿಡುವಂತಿಲ್ಲ.

ಅಭ್ಯಾಸದ ಕ್ರಮ ಹೀಗೆ: ಮೊದಲು ಇಪ್ಪತ್ತು ನಿಮಿಷ ನಿಧಾನವಾಗಿ ತುಳಿದು ಮೈ ಬಿಸಿ ಮಾಡಿಕೊಳ್ಳುವುದು. ಬಳಿಕ, ಒಬ್ಬನೇ ಹೋಗಬಲ್ಲ ವೇಗಕ್ಕಿಂತ ಕೆಲವೇ ಕಿಲೋಮೀಟರ್ ಹೆಚ್ಚಿನ ವೇಗದಲ್ಲಿ ಐದು ಹತ್ತು ನಿಮಿಷ ಪೇಸರನ ಹಿಂದೆ ಓಡುವುದು. ನಡುವೆ ವಿಶ್ರಾಂತಿ. ಹೀಗೆ ಮೂರು ನಾಲ್ಕು ಸಲ. ಕೊನೆಯ ಸಲ ಮರೆಯಿಂದ ಪಕ್ಕಕ್ಕೆ ಬಂದು ಬಯಲು ಗಾಳಿಯಲ್ಲಿ ಮುಗಿಲು ಮುಟ್ಟುವಂತೆ ಓಡಿ ಮುಗಿಸುವುದು.

ಸಾದಾ ಸೈಕಲ್ಲಿಗೆ ಇದು ಹೇಳಿಸಿದ್ದಲ್ಲ. ಮುಂದೆ 44, ಹಿಂದೆ 18 ಹಲ್ಲಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರ್, 90 ಸುತ್ತಿಗೆ 29. 40ರ ವೇಗದ ಟೆಂಪೊವನ್ನು ಬೆನ್ನಟ್ಟಬೇಕಾದರೆ ನಿಮಿಷಕ್ಕೆ 120ಕ್ಕೂ ಮಿಕ್ಕಿ ಸುತ್ತು ಬೇಕು. ಪಳಗದ ಕಾಲು ಅಷ್ಟು ಸುತ್ತಿದರೆ ಮೈ ಕುಲುಕಿ ಹ್ಯಾಂಡಲ್ ಹಿಡಿತ ತಪ್ಪುತ್ತದೆ.

ಮರೆಯ ಸವಾರಿಯೇ ಸ್ಪರ್ಧೆಯಾಗಿರುವುದೂ ಉಂಟು. 1948ರಲ್ಲಿ ಜಪಾನಿನ ಕೊಕುರಾದಲ್ಲಿ ಆರಂಭವಾದ ಕೈರಿನ್ ಎಂಬ ಪಂದ್ಯದಲ್ಲಿ ಪೇಸರನು ವೇಗವನ್ನು ಗಂಟೆಗೆ 30ರಿಂದ 50 ಕಿಲೋಮೀಟರಿಗೆ ಮೆಲ್ಲಗೆ ಏರಿಸಿ ಪಥದಿಂದ ಸರಿಯುತ್ತಾನೆ. ಉಳಿದ ದೂರವನ್ನು ಸವಾರರು ತಮ್ಮ ಕಾಲ ಬಲದಿಂದ ಮುಗಿಸಬೇಕು. ಇದು 2000ದಲ್ಲಿ ಪುರುಷರಿಗೂ 2012ರಲ್ಲಿ ಮಹಿಳೆಯರಿಗೂ ಒಲಿಂಪಿಕ್ ಪಂದ್ಯವಾಯಿತು. 2018ರ ಜೂನಿಯರ್ ವಿಶ್ವ ಸ್ಪರ್ಧೆಯಲ್ಲಿ ಅಂಡಮಾನಿನ ಎಸೊ ಆಲ್ಬೆನ್ ಭಾರತಕ್ಕೆ ಬೆಳ್ಳಿ ತಂದುದು ಈ ಕೈರಿನ್‌ನಲ್ಲಿಯೇ.

ಆದರೆ ರಸ್ತೆಯ ರೇಸಿನಲ್ಲಿ ವಾಹನದ ಸಹಾಯ ಪಡೆಯುವುದು ಮೋಸ. 2015ರ ಸ್ಪೇನ್ ಪ್ರವಾಸ ಪಂದ್ಯದಲ್ಲಿ ತನ್ನ ತಂಡದ ಕಾರಿಗೆ ಕೈಕೊಟ್ಟು ಎಳೆಸಿಕೊಂಡ ವಿಂಚೆಂಝೊ ನಿಬಾಲಿಯನ್ನು ಪಂದ್ಯದಿಂದಲೇ ಹೊರಹಾಕಿದರು. ಅವನು ಹಿಂದಿನ ವರ್ಷವಷ್ಟೇ ಫ್ರಾನ್ಸ್ ಪ್ರವಾಸ ಪಂದ್ಯ ಗೆದ್ದವನು. ಅಭ್ಯಾಸದಲ್ಲಿ ಸಲ್ಲುವುದು ಪಂದ್ಯದಲ್ಲಿ ಸಲ್ಲದು.

ಪೇಸರನ ಕರ್ತವ್ಯ

ಇಲ್ಲಿಯೇ ನಮ್ಮ ತರುಣನು ಕೇಳದೆ ಬಿಟ್ಟ ಉಳಿದರ್ಧವಿದೆ. ಯೂರೋಪಿನ ಪಥಗಳಲ್ಲಿ ಪೇಸರನ ಕೆಲಸ ಒಂದು ಪ್ರತ್ಯೇಕ ಕಸುಬು. ಅವನು ಮೋಟಾರು ಸೈಕಲ್ಲಿನ ಮೇಲೆ ನೆಟ್ಟಗೆ ನಿಂತು ಗಾಳಿಗೆ ಎದೆಯೊಡ್ಡುತ್ತಾನೆ. ಹಿಂದಿನವನ ಕೂಗು ಕೇಳಲೆಂದು ಅವನ ಶಿರಸ್ತ್ರಾಣದ ಕಿವಿಗಳು ಹಿಂದಕ್ಕೆ ತೆರೆದಿರುತ್ತವೆ. ಸವಾರನು “ಅಲೆ” ಎಂದರೆ ವೇಗ ಏರಿಸಬೇಕು, “ಹೋ” ಎಂದರೆ ಇಳಿಸಬೇಕು. ಮೋಟಾರಿನ ಹಿಂಬದಿಗೆ ಉರುಳುವ ಕೊಳವೆಯೊಂದನ್ನು ಅಡ್ಡಲಾಗಿ ಜೋಡಿಸಿರುತ್ತಾರೆ. ಸೈಕಲ್ಲಿನ ಮುಂಚಕ್ರ ಅದಕ್ಕೆ ತಾಗಿದರೂ ಕೊಳವೆ ಉರುಳುವುದರಿಂದ ಸವಾರನು ಮುಗ್ಗರಿಸಿ ಬೀಳುವ ಭಯ ಕಡಿಮೆ. ಡರ್ನಿ ಎಂಬ ಇನ್ನೊಂದು ಬಗೆಯ ಚಿಕ್ಕ ಮೋಟಾರಿನಲ್ಲಿ ಪೇಸರನೂ ಪೆಡಲ್ ತುಳಿಯುತ್ತಾನೆ. ಆದುದರಿಂದ ವೇಗ ಎಳೆ ಎಳೆಯಾಗಿ ಏರಿಳಿಯುತ್ತದೆ.

ಇಷ್ಟೆಲ್ಲ ಎಚ್ಚರವಿದ್ದೂ ಅನಾಹುತಗಳಾಗಿವೆ. 1909ರ ಜುಲೈ 18ರಂದು ಬರ್ಲಿನ್ನಿನ ಪಥದಲ್ಲಿ ಪೇಸರನ ಮೋಟಾರು ಸೈಕಲ್ಲೊಂದು ಪ್ರೇಕ್ಷಕರ ನಡುವೆ ನುಗ್ಗಿ ಬೆಂಕಿ ಹತ್ತಿ 9 ಮಂದಿ ಸತ್ತರು. ಮೇಲೆ ಹೇಳಿದ ಮೆಫ್ರೆಯೂ 1952ರಲ್ಲಿ ಬಿದ್ದು ತಲೆಬುರುಡೆ ಒಡೆದುಕೊಂಡಿದ್ದವನೇ.

ಒಟ್ಟಿನಲ್ಲಿ ಮೂರು ಕಟ್ಟುಪಾಡುಗಳಿವೆ. ಮೊದಲನೆಯದು, ಹಿಂದೆ ಸವಾರನಿದ್ದಾನೆಂದು ಮುಂದಿನವನಿಗೆ ಗೊತ್ತಿರಬೇಕು, ಅವನು ಎಂದೂ ಥಟ್ಟನೆ ಬ್ರೇಕು ಹಾಕಬಾರದು. ಎರಡನೆಯದು, ಬೇರೆ ವಾಹನವೂ ಪಾದಚಾರಿಯೂ ಇಲ್ಲದ ಪಥವಿರಬೇಕು. ಮೂರನೆಯದು, ಇಬ್ಬರೂ ಮೊದಲೇ ಒಪ್ಪಿಕೊಂಡ ಸನ್ನೆಗಳಿರಬೇಕು.

ಲಾರಿಯ ಹಿಂದೆ ಏಕೆ ಸಲ್ಲದು?

ನಮ್ಮ ರಸ್ತೆಯ ಲಾರಿಯನ್ನು ಈ ಮೂರಕ್ಕೆ ಹೋಲಿಸಿ ನೋಡಿರಿ. ಲಾರಿಯ ಬೆನ್ನಿಗೆ ಅಂಟಿದ ಸೈಕಲ್ಲು ಚಾಲಕನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ರಸ್ತೆಗೆ ಅಡ್ಡ ಬರುವವರಿಗೆ ಲೆಕ್ಕವಿಲ್ಲ. ಸನ್ನೆಯಂತೂ ಇಲ್ಲವೇ ಇಲ್ಲ.

ಗಣಿತವನ್ನೂ ಮಾಡೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕು ಒತ್ತುವುದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಮುಂದಿನ ವಾಹನ ಬಲವಾಗಿ ಬ್ರೇಕು ಹಾಕಿದರೆ ನಡುವಿನ ಒಂದು ಮೀಟರ್ ಅಂತರ ಮುಕ್ಕಾಲು ಸೆಕೆಂಡು ತುಂಬುವ ಮೊದಲೇ ಮುಗಿದಿರುತ್ತದೆ. ಎಂದರೆ ಸವಾರನ ಬೆರಳು ಬ್ರೇಕನ್ನು ಒತ್ತುವ ಮುನ್ನವೇ ಅವನು ಲಾರಿಯ ಹಿಂಬದಿಯ ಹಲಗೆಗೆ ಬಡಿದಿರುತ್ತಾನೆ. ಆ ಹಲಗೆ ಅವನ ಎದೆ ಮುಖಗಳ ಎತ್ತರಕ್ಕೇ ಇರುತ್ತದೆ. ಇಲ್ಲಿ ಚುರುಕುತನವೂ ಧೈರ್ಯವೂ ಕೆಲಸಕ್ಕೆ ಬಾರವು.

ಇನ್ನು ಗುಂಡಿಗಳ ಮಾತು. ಲಾರಿಯ ಎರಡು ಬದಿಯ ಚಕ್ರಗಳ ನಡುವೆ ಹಾದುಹೋಗುವ ಗುಂಡಿ ಚಾಲಕನಿಗೆ ತೊಂದರೆ ಕೊಡುವುದಿಲ್ಲ. ಅವನು ಅದನ್ನು ತಪ್ಪಿಸುವುದೂ ಇಲ್ಲ. ಹಿಂದಿನ ಸೈಕಲ್ಲಿನವನು ಅದನ್ನು ಕಾಣುವುದು ಚಕ್ರ ಅದರಲ್ಲಿ ಇಳಿದ ಮೇಲೆಯೇ. ಮಳೆಗಾಲದಲ್ಲಿ ನೆನೆದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಹಿಡಿಯುವುದಿಲ್ಲ. ಹಿಂದಿನಿಂದ ಇನ್ನೊಂದು ವಾಹನ ಬರುತ್ತಲೇ ಇರುತ್ತದೆ.

ಊರಿನಲ್ಲಿ ಮನಿಯಾರ್ಡರಿನ ದಾರಿ ನೋಡುತ್ತಿದ್ದ ಕಾಲ ಹೋಯಿತು. ಈಗ ಹಣ ಫೋನಿನಲ್ಲೇ ಹೋಗುತ್ತದೆ. ಆದರೆ ಕಳುಹಿಸುವ ಕೈ ಅದೇ. ಒಂದು ಕಾಲು ಮುರಿದರೆ ಹೋಟೆಲಿನ ಕೆಲಸಗಾರನಿಗೆ ಮೂರು ತಿಂಗಳ ಸಂಬಳ ಹೋದಂತೆ. ಊರಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ಲೆಕ್ಕವನ್ನೂ ಸವಾರನು ಮಾಡಿಕೊಳ್ಳಬೇಕು.

ಹಾಗಾದರೆ ನಮಗೇನು ದಾರಿ?

ರೇಸಿನ ಆಸೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಸೈಕಲ್ ಪಂದ್ಯಕ್ಕೂ ಮುಂಬಯಿಗೂ ಹಳೆಯ ನಂಟು. 1938ರಲ್ಲಿ ಸಿಡ್ನಿಯ ಎಂಪೈರ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ ಜಾನಕಿದಾಸ್, ಮುಂದೆ ಹಿಂದಿ ಚಿತ್ರಗಳ ನಟರಾದವರು, ಮತ್ತು ಮುಂಬಯಿಯ ಸೊಹ್ರಾಬ್ ಭೂತ್ ಇವರ ಶ್ರಮದಿಂದಲೇ 1946ರಲ್ಲಿ ದೇಶದ ಸೈಕ್ಲಿಂಗ್ ಸಂಸ್ಥೆ ಹುಟ್ಟಿತು. ಬೋರ್ ಘಾಟನ್ನು ಹತ್ತಿಸುವ ಮುಂಬಯಿ–ಪುಣೆ ಪಂದ್ಯವನ್ನು ಕೇಳದವರಿಲ್ಲ. ಘಾಟನ್ನು ಮೊದಲು ಹತ್ತಿದವನನ್ನು “ಘಾಟಿನ ರಾಜ” ಎಂದು ಕರೆಯುತ್ತಾರೆ. ನಮ್ಮ ನಾಡಿನಲ್ಲಿ ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ವಿಜಯಪುರ, ಬಾಗಲಕೋಟೆಗಳ ಕಡೆಯ ತರುಣ ತರುಣಿಯರು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ.

ಮೋಟಾರಿಲ್ಲದೆಯೂ ಮರೆಯ ಅಭ್ಯಾಸ ಮಾಡಬಹುದು. ಅದು ಸರದಿಯ ಸವಾರಿ. ನಾಲ್ವರು ಸಮಬಲದ ಗೆಳೆಯರು ಒಂದೇ ಸಾಲಿನಲ್ಲಿ ಹೊರಡಿರಿ. ಮುಂದಿನವನು ಒಂದು ನಿಮಿಷ ಗಾಳಿಗೆ ಎದೆಕೊಟ್ಟು, ಹಿಂದೆ ನೋಡಿ, ಕೈಸನ್ನೆ ಮಾಡಿ, ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರಲಿ. ಎರಡನೆಯವನು ವೇಗವನ್ನು ಏರಿಸದೆ ಇಳಿಸದೆ ಮುಂದುವರಿಸಲಿ. ಪ್ರತಿಯೊಬ್ಬನಿಗೂ ಒಂದು ನಿಮಿಷ ದುಡಿಮೆ, ಮೂರು ನಿಮಿಷ ಮರೆ. ಒಬ್ಬನೇ ಮುಟ್ಟಲಾಗದ ವೇಗವನ್ನು ನಾಲ್ವರೂ ಮುಟ್ಟುತ್ತಾರೆ.

ಇದಕ್ಕೂ ನಿಯಮಗಳುಂಟು. ಭಾನುವಾರ ಬೆಳಕು ಹರಿದ ಮೇಲೆ, ವಾಹನ ಕಡಿಮೆಯಿರುವ ಹೊತ್ತಿನಲ್ಲಿ ಹೊರಡಬೇಕು. ಹೆಲ್ಮೆಟ್ಟಿಲ್ಲದವನನ್ನು ಸೇರಿಸಬಾರದು. ಕಲಿಯುವಾಗ ಎರಡು ಸೈಕಲ್ಲುಗಳ ನಡುವೆ ಒಂದು ಸೈಕಲ್ಲಿನ ಉದ್ದದ ಅಂತರವಿರಲಿ. ವಾರಗಳು ಕಳೆದಂತೆ ಮೆಲ್ಲಗೆ ಕಡಿಮೆ ಮಾಡಬಹುದು. ಮುಂದಿನ ಚಕ್ರವನ್ನೇ ದಿಟ್ಟಿಸದೆ, ಮುಂದಿನವನ ಭುಜದ ಮೇಲಿನಿಂದ ರಸ್ತೆಯನ್ನು ನೋಡಬೇಕು. ನಿಮ್ಮ ಮುಂಚಕ್ರ ಅವನ ಹಿಂಚಕ್ರದ ಪಕ್ಕಕ್ಕೆ ಸೇರದಿರಲಿ. ತಾಗಿದರೆ ಬೀಳುವವನು ಹಿಂದಿನವನು. ಗುಂಡಿ ಕಂಡವನು ಕೈ ತೋರಿಸಿ ಕೂಗಿ ಹೇಳಬೇಕು. ಸೋತವನು ನಾಚದೆ ಸರದಿ ಬಿಟ್ಟು ಹಿಂದೆ ನಿಲ್ಲಬೇಕು.

ಇದರಲ್ಲಿ ಪಳಗಿ, ನಿಜವಾಗಿ ಪಂದ್ಯಕ್ಕೆ ಇಳಿಯಬೇಕೆನ್ನುವವರು ಅನುಭವಿ ತರಬೇತುದಾರರನ್ನು ಹುಡುಕಿಕೊಳ್ಳಬೇಕು. ಪುಣೆಯ ಬಾಲೆವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ಸೈಕಲ್ ಪಥವಿದೆ. ಮೋಟಾರಿನ ಹಿಂದಿನ ಅಭ್ಯಾಸಕ್ಕೆ ತಕ್ಕ ಸ್ಥಳ ಅಂಥ ಪಥ, ತಕ್ಕ ಜೊತೆ ಅಂಥ ತರಬೇತುದಾರ.

ಈ ಪಾಠವನ್ನು ಓದಿದವರು, ವಾಚನಾಲಯಕ್ಕೆ ಬಾರದ ಕೋಣೆಯ ಗೆಳೆಯರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ. ನಾಳೆ ಬೆಳಿಗ್ಗೆ ಲಾರಿಯ ಬೆನ್ನಿಗೆ ಬೀಳುವ ತರುಣನು ಬಹುಶಃ ಅವರಲ್ಲೇ ಒಬ್ಬನಿರಬಹುದು. ಅವನ ಜೊತೆಗೆ ಇನ್ನು ಮೂವರು ಹೊರಟರೆ ಅವನಿಗೆ ಲಾರಿ ಬೇಕಾಗುವುದಿಲ್ಲ.