ಇಪಿಎಬಿಎಕ್ಸ್ ದೋಷ: ಹೊಸ ಕಾರ್ಡ್ ಖರೀದಿಸುವ ಮೊದಲು

ಮೊಬೈಲ್ ಬಳಕೆ ಎಷ್ಟೇ ಹೆಚ್ಚಿದ್ದರೂ ಅನೇಕ ಸಗಟು ಮಳಿಗೆ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಕಚೇರಿ, ಗೋದಾಮು ಮತ್ತು ಗೇಟುಗಳ ನಡುವಣ ಸಂಪರ್ಕವು ಇಂದಿಗೂ ಇಪಿಎಬಿಎಕ್ಸ್ ಮೂಲಕವೇ ನಡೆಯುತ್ತದೆ. ಅದು ಕೆಟ್ಟ ದಿನ ಕರೆ ಮಾಡಿದ ಗ್ರಾಹಕನಿಗೆ ಗಂಟೆಯ ಸದ್ದು ಕೇಳಿಸುತ್ತಿರಬಹುದು. ಇತ್ತ ಫೋನ್ ಮೊಳಗುವುದೇ ಇಲ್ಲ. ಹೀಗೆ ಕೈತಪ್ಪಿದ ಆರ್ಡರು ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಈ ಆತಂಕದಲ್ಲಿ ದೋಷದ ನೆಲೆಯನ್ನು ಗುರುತಿಸದೆ ಕಾರ್ಡ್ ಬದಲಿಸಿದರೆ, ಹಣವೂ ವ್ಯಯವಾಗಿ ದೋಷವೂ ಉಳಿಯುವ ಸಂಭವವಿದೆ.

ತಾಳೆಪಟ್ಟಿ ಹೊಂದದಿದ್ದಾಗ ಅನುಭವಿ ಗುಮಾಸ್ತನು ಎಲ್ಲ ನಮೂದುಗಳನ್ನೂ ಒಮ್ಮೆಗೇ ತಿದ್ದುವುದಿಲ್ಲ. ಸರಿಯಿರುವ ಭಾಗವನ್ನು ಬದಿಗಿರಿಸುತ್ತಾ ವ್ಯತ್ಯಾಸವನ್ನು ಒಂದು ಪುಟಕ್ಕೆ ತರುತ್ತಾನೆ. ಇಲ್ಲಿಯೂ ಅದೇ ಕ್ರಮ. ಒಮ್ಮೆಗೆ ಒಂದೇ ವಸ್ತುವನ್ನು ಬದಲಿಸಬೇಕು ಮತ್ತು ಅದರ ಫಲಿತಾಂಶವನ್ನು ಬರೆದಿಡಬೇಕು.

1. ದೋಷದ ವ್ಯಾಪ್ತಿ

ಎಷ್ಟು ಫೋನುಗಳು ಸ್ತಬ್ಧವಾಗಿವೆ ಎಂಬುದೇ ಮೊದಲ ಪ್ರಶ್ನೆ. ಒಂದೇ ಆಗಿದ್ದರೆ ಉಪಕರಣ, ತಂತಿ ಅಥವಾ ಪೋರ್ಟ್ ಕಾರಣ. ಒಂದು ಎಕ್ಸ್‌ಟೆನ್ಷನ್ ಕಾರ್ಡಿಗೆ ಸಾಮಾನ್ಯವಾಗಿ 8 ಅಥವಾ 16 ಪೋರ್ಟುಗಳಿರುತ್ತವೆ. ಆದುದರಿಂದ 17ರಿಂದ 24ರವರೆಗಿನ ಪೋರ್ಟುಗಳು ಒಟ್ಟಿಗೆ ನಿಂತರೆ ಸಂಶಯವು ಆ ಕಾರ್ಡಿನ ಮೇಲೆ. ಒಳಗಿನ ಕರೆ ಸರಿಯಿದ್ದು ಹೊರಗಿನ ಕರೆ ಮಾತ್ರ ನಿಂತಿದ್ದರೆ ಟ್ರಂಕ್ ಲೈನ್ ಅಥವಾ ಟ್ರಂಕ್ ಕಾರ್ಡನ್ನು ನೋಡಬೇಕು. ಎಲ್ಲವೂ ನಿಂತಿದ್ದರೆ ಮೊದಲು ವಿದ್ಯುತ್ ಪೂರೈಕೆ, ನಂತರ ಸಿಪಿಯು ಕಾರ್ಡ್.

2. ಒಂದೇ ಫೋನ್ ಕೆಟ್ಟಾಗ

ಚೆನ್ನಾಗಿರುವ ಸಾಧಾರಣ ಫೋನನ್ನು ಅದೇ ಸ್ಥಳದಲ್ಲಿ ಜೋಡಿಸಿ ನೋಡಬೇಕು. ಸದ್ದಿಲ್ಲದಿದ್ದರೆ, ತಂತಿಗಳೆಲ್ಲ ಬಂದು ಸೇರುವ ಎಂಡಿಎಫ್ ಪೆಟ್ಟಿಗೆಯಲ್ಲಿ ಆ ಎಕ್ಸ್‌ಟೆನ್ಷನ್ನಿನ ತಂತಿಯನ್ನು ಬಿಡಿಸಿ, ಫೋನನ್ನು ನೇರವಾಗಿ ಪೋರ್ಟಿಗೆ ಕೊಡಬೇಕು. ಡಯಲ್ ಟೋನ್ ಬಂದರೆ ಪೋರ್ಟ್ ಸರಿಯಿದೆ, ದೋಷ ತಂತಿಯಲ್ಲಿದೆ: ತುಕ್ಕು, ತೇವ, ಇಲಿ ಕಡಿತ ಅಥವಾ ಸಡಿಲಗೊಂಡ ಜೋಡಣೆ. ಟೋನ್ ಬಾರದಿದ್ದರೆ ಆ ತಂತಿಯನ್ನು ಸರಿಯಿರುವ ಬೇರೊಂದು ಪೋರ್ಟಿಗೆ ವರ್ಗಾಯಿಸಿ ಖಚಿತಪಡಿಸಿಕೊಳ್ಳಬಹುದು. ಆಪರೇಟರ್ ಬಳಸುವ ಡಿಜಿಟಲ್ ಫೋನು ಸಾಧಾರಣ ಪೋರ್ಟಿನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಈ ಪರೀಕ್ಷೆಗೆ ಅದನ್ನು ಬಳಸಬಾರದು.

3. ಹೊರಗಿನ ಲೈನ್

ಲೈನನ್ನು ಇಪಿಎಬಿಎಕ್ಸ್‌ನಿಂದ ಬಿಡಿಸಿ ಸಾಧಾರಣ ಫೋನಿಗೆ ಜೋಡಿಸಬೇಕು. ಆಗಲೂ ಟೋನ್ ಇಲ್ಲವಾದರೆ ದೂರು ಸಲ್ಲಬೇಕಾದುದು ದೂರವಾಣಿ ಸಂಸ್ಥೆಗೆ. ಇದ್ದರೆ ದೋಷ ಟ್ರಂಕ್ ಪೋರ್ಟಿನಲ್ಲಿದೆ. ತಾಮ್ರದ ತಂತಿಯ ಲೈನಿನಲ್ಲಿ ಫೋನ್ ಇಟ್ಟಿರುವಾಗ ಮಲ್ಟಿಮೀಟರ್ ಸುಮಾರು 48 ವೋಲ್ಟ್ ಡಿಸಿ ತೋರಿಸುತ್ತದೆ. ಎತ್ತಿದಾಗ ಅದು 10 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಫೈಬರ್ ಮೋಡೆಮ್ ಮೂಲಕ ಬರುವ ಲೈನಾದರೆ ಮೊದಲು ಮೋಡೆಮ್‌ಗೆ ವಿದ್ಯುತ್ ಇದೆಯೇ ಎಂದು ನೋಡಬೇಕು. ಗಂಟೆ ಮೊಳಗುವಾಗ ಲೈನಿನಲ್ಲಿ ಹೆಚ್ಚಿನ ಎಸಿ ವೋಲ್ಟೇಜ್ ಹರಿಯುವುದರಿಂದ ಬರಿ ತಂತಿಯನ್ನು ಮುಟ್ಟಬಾರದು.

4. ಎಲ್ಲವೂ ನಿಂತಾಗ

ಪ್ಲಗ್, ಫ್ಯೂಸ್ ಮತ್ತು ಪವರ್ ಸಪ್ಲೈ ದೀಪವನ್ನು ಪರಿಶೀಲಿಸಬೇಕು. ಕರೆಂಟ್ ಹೋದಾಗ ಮಾತ್ರ ವ್ಯವಸ್ಥೆ ನಿಂತರೆ ಬ್ಯಾಟರಿ ಕಾರಣವಿರಬಹುದು. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ವೋಲ್ಟಿನ ಸಮೀಪ ತೋರಿಸುತ್ತದೆ. ಆದರೆ ನಿಜವಾದ ಪರೀಕ್ಷೆ ಭಾರ ಬಿದ್ದಾಗ: ಕೆಲವೇ ನಿಮಿಷಗಳಲ್ಲಿ 10.5ಕ್ಕಿಂತ ಕೆಳಗಿಳಿದರೆ ಅದರ ಆಯುಸ್ಸು ಮುಗಿದಂತೆ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ತಪ್ಪುತ್ತಿದ್ದರೆ ಸಿಪಿಯು ಕಾರ್ಡಿನಲ್ಲಿರುವ ಸಣ್ಣ ಬ್ಯಾಟರಿಯನ್ನು ಗಮನಿಸಬೇಕು.

5. ಎಚ್ಚರಿಕೆಗಳು

ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದ ಇರುವಾಗ ಪೆಟ್ಟಿಗೆ ತೆರೆಯುವುದು ತಂತ್ರಜ್ಞರಿಗೆ ಬಿಟ್ಟ ಕೆಲಸ. ಕಾರ್ಡ್ ತೆಗೆಯುವ ಮೊದಲು ಪ್ರೋಗ್ರಾಮಿಂಗ್‌ನ ಪ್ರತಿ ಇರಿಸಿಕೊಳ್ಳಬೇಕು ಮತ್ತು ತಯಾರಕರ ಕೈಪಿಡಿಯಲ್ಲಿ ಅನುಮತಿಯಿಲ್ಲದಿದ್ದರೆ ವಿದ್ಯುತ್ ಸಂಪರ್ಕ ತೆಗೆಯಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಆಘಾತವು ಟೆಲಿಫೋನ್ ತಂತಿಯಿಂದಲೂ ಒಳಬರುತ್ತದೆ. ಆದಕಾರಣ ಟ್ರಂಕ್ ಲೈನುಗಳಿಗೂ ಸರ್ಜ್ ರಕ್ಷಣೆ ಮತ್ತು ಉತ್ತಮ ಅರ್ಥಿಂಗ್ ಅವಶ್ಯ. ಅರ್ಥಿಂಗ್ ಸರಿಯಿಲ್ಲದಿದ್ದರೆ ಹೊಸ ಕಾರ್ಡೂ ಮುಂದಿನ ಸಿಡಿಲಿಗೆ ಸುಡಬಹುದು.

6. ದಾಖಲೆ ಮತ್ತು ಲೆಕ್ಕ

ದಿನಾಂಕ, ಪೋರ್ಟ್ ಸಂಖ್ಯೆ, ಲಕ್ಷಣ, ಮಾಡಿದ ಪರೀಕ್ಷೆ, ತಗುಲಿದ ವೆಚ್ಚ ಎಂಬ ಐದು ಕಲಮುಗಳ ಒಂದು ರಿಜಿಸ್ಟರ್ ಸಾಕು. ಒಂದೇ ಕಾರ್ಡ್ ಪದೇ ಪದೇ ಕೆಡುತ್ತಿದೆಯೇ, ನಿರ್ವಹಣಾ ಒಪ್ಪಂದದ ಹಣ ಸಾರ್ಥಕವಾಗಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಕೆಟ್ಟ ಕಾರ್ಡಿನ ಬದಲಿಗೆ ಅಂಥದೇ ಕಾರ್ಡ್ ಹಾಕಿದ ವೆಚ್ಚವು ಸಾಮಾನ್ಯವಾಗಿ ರಿಪೇರಿ ಖರ್ಚು. ಇಡೀ ವ್ಯವಸ್ಥೆಯನ್ನು ಹೊಸದಾಗಿ ಕೊಂಡರೆ ಅದು ಬಂಡವಾಳ ವೆಚ್ಚ. ಇಪಿಎಬಿಎಕ್ಸ್ ಕಂಪ್ಯೂಟರ್ ಅಲ್ಲ, ಆದುದರಿಂದ ಕಂಪ್ಯೂಟರಿನ ಹೆಚ್ಚಿನ ದರದ ಸವಕಳಿ ಅದಕ್ಕೆ ಸಲ್ಲದೆಂದು ಕೇರಳ ಉಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿರುವುದನ್ನೂ ಗಮನದಲ್ಲಿಡುವುದು ಒಳಿತು.

ದೋಷವು ಇಂತಹ ಪೋರ್ಟಿನಲ್ಲಿದೆ, ಇಂತಿಂತಹ ಪರೀಕ್ಷೆ ನಡೆದಿದೆ ಎಂದು ತಿಳಿಸಿ ತಂತ್ರಜ್ಞರನ್ನು ಕರೆಸುವ ವರ್ತಕನಿಗೆ ಸಮಯವೂ ಹಣವೂ ಉಳಿಯುತ್ತವೆ. ತಂತ್ರಜ್ಞರೂ ಸರಿಯಾದ ಬಿಡಿಭಾಗದೊಂದಿಗೇ ಬರಲು ಸಾಧ್ಯವಾಗುತ್ತದೆ.