ಮೇನ್‌ಫ್ರೇಮ್‌ಗೆ ಹಾಕಿದರೆಂದು ಕೊರಗಬೇಡಿ

ದಾವಣಗೆರೆಯ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಓದು ಮುಗಿಸಿ ಬೆಂಗಳೂರಿನ ಕಂಪನಿ ಸೇರಿದ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಹೇಳುವ ಮಾತು ಒಂದೇ: "ಸರ್, ನನ್ನನ್ನು ಮೇನ್‌ಫ್ರೇಮ್‌ಗೆ ಹಾಕಿಬಿಟ್ಟರು." ಹರಿಹರದ ಮಕ್ಕಳದ್ದೂ ಇದೇ ಅಳಲು. ಜೊತೆಗೆ ಓದಿದವರೆಲ್ಲ ಕ್ಲೌಡ್, ಎಐ ಅನ್ನುತ್ತಿರುವಾಗ ತಮಗೆ ಮಾತ್ರ ಕಪ್ಪು ಪರದೆ, ಹಸಿರು ಅಕ್ಷರ. ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. 1964ರ ಏಪ್ರಿಲ್ 7ರಂದು ಐಬಿಎಂ ಘೋಷಿಸಿದ ಸಿಸ್ಟಂ/360ರ ವಂಶದ ಯಂತ್ರಗಳೇ ಇಂದಿಗೂ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ಹೊತ್ತಿವೆ. 2025ರಲ್ಲಿ ಆ ವಂಶದ ಝಡ್17 ಕೂಡ ಬಂತು. ಅದರ ಆಪರೇಟಿಂಗ್ ಸಿಸ್ಟಂ ಝಡ್/ಓಎಸ್ ಅನ್ನು ಸ್ಥಾಪಿಸಿ, ತಿದ್ದಿ, ಕಾಯುವವರು ಸಿಸ್ಟಂ ಪ್ರೋಗ್ರಾಮರ್‌ಗಳು. ಅವರ ಕೆಲಸಕ್ಕೂ ಈಗ ಹೊಸ ಸಲಕರಣೆಗಳು ಬಂದಿವೆ. ಅವನ್ನು ತಂಡದೊಳಗೆ ತರುವ ಕೆಲಸ ನಿಮ್ಮಂಥ ಹೊಸಬರಿಂದಲೇ ಆಗಬೇಕು.

1. ಹಸಿರು ಪರದೆಯನ್ನು ಮೊದಲು ಕಲಿಯಿರಿ

ವಿಎಸ್ ಕೋಡ್‌ನಲ್ಲಿ ಕೂತು ಮೇನ್‌ಫ್ರೇಮ್ ನೋಡುವುದು ಚೆನ್ನ. ಆದರೆ ಆ ಕಿಟಕಿ ಸಾಮಾನ್ಯವಾಗಿ ತೆರೆಯುವುದು ಝಡ್/ಓಎಸ್‌ಎಂಎಫ್ ಎಂಬ ಸರ್ವರ್ ಮೂಲಕ, ಆ ಸರ್ವರ್ ಓಡುವುದೂ ಅದೇ ಝಡ್/ಓಎಸ್ ಮೇಲೆ. ನಡುರಾತ್ರಿ ಐಪಿಎಲ್ (ಸಿಸ್ಟಂನ ಬೂಟ್) ಅರ್ಧಕ್ಕೆ ನಿಂತಾಗ ಆ ಸರ್ವರ್ ಎದ್ದಿರುವುದಿಲ್ಲ. ಆಗ ಕೈ ಹಿಡಿಯುವುದು ಕನ್ಸೋಲ್. ಹಸಿರು ಪರದೆಯ ಐಎಸ್‌ಪಿಎಫ್, ಜಾಬ್ ಬರೆಯುವ ಜೆಸಿಎಲ್ ಬರುವವರ ಮಾತಿಗಷ್ಟೇ ಹಿರಿಯರು ಕಿವಿಗೊಡುತ್ತಾರೆ. ಅದು ನ್ಯಾಯವೂ ಹೌದು.

2. ಮೊದಲ ವಾರ ಬರೀ ನೋಡಿ

ವಿಎಸ್ ಕೋಡ್‌ಗೆ ಆ ಕಿಟಕಿ ಕೊಡುವ ಝೋವಿ ಎಂಬ ಮುಕ್ತ ತಂತ್ರಾಂಶ 2018ರ ಆಗಸ್ಟ್‌ನಲ್ಲಿ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಅಡಿ ಹೊರಬಂತು. ಐಬಿಎಂ, ಸಿಎ ಟೆಕ್ನಾಲಜೀಸ್, ರಾಕೆಟ್ ಸಾಫ್ಟ್‌ವೇರ್ ಸೇರಿ ಕೊಟ್ಟದ್ದು. ಅದರಲ್ಲಿ ಜಾಬ್‌ಗಳ ಔಟ್‌ಪುಟ್ ಓದಿ, ಡೇಟಾಸೆಟ್‌ಗಳನ್ನು ತೆರೆದು ನೋಡಿ, ಏನನ್ನೂ ಬರೆಯಬೇಡಿ. "ಇದು ಹಿಂಬಾಗಿಲೇ?" ಎಂದು ಸೆಕ್ಯೂರಿಟಿಯವರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ: ಪ್ರತಿ ಕೋರಿಕೆಯೂ ನಿಮ್ಮದೇ ಯೂಸರ್ ಐಡಿಯಲ್ಲಿ ಹೋಗುತ್ತದೆ. ಐಎಸ್‌ಪಿಎಫ್‌ನಲ್ಲಿ ರ‍್ಯಾಕ್ಎಫ್ (ಭದ್ರತಾ ತಂತ್ರಾಂಶ) ಬಿಡದ್ದನ್ನು ಇಲ್ಲಿಯೂ ಬಿಡುವುದಿಲ್ಲ.

3. ಗಿಟ್‌ಗೆ ಮೊದಲು ಪಾರ್ಮ್‌ಲಿಬ್ ಹೋಗಲಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇಲ್ಲಿದೆ. ಸಿಸ್ಟಂನ ಸೆಟ್ಟಿಂಗ್‌ಗಳಿರುವ ಪಾರ್ಮ್‌ಲಿಬ್‌ನಲ್ಲಿ ಇಂದು ಮಾಡಿದ ಎಷ್ಟೋ ತಪ್ಪುಗಳು ಇಂದು ಕಾಣುವುದಿಲ್ಲ, ಮುಂದಿನ ಐಪಿಎಲ್ ದಿನ ಕಾಣುತ್ತವೆ. ಅದು ತಿಂಗಳುಗಳ ನಂತರ ಇರಬಹುದು. ಅಷ್ಟರಲ್ಲಿ ಯಾರು, ಯಾಕೆ ಮುಟ್ಟಿದರು ಎಂಬುದು ಎಲ್ಲರಿಗೂ ಮರೆತಿರುತ್ತದೆ. ಹಳೆಯ ಮೆಂಬರ್‌ಗೆ ಇನ್ನೊಂದು ಹೆಸರಿಟ್ಟು ನಕಲು ಉಳಿಸುವ ರೂಢಿ ಉಂಟು, ಆದರೆ ಆ ನಕಲು ಕಾರಣ ಹೇಳುವುದಿಲ್ಲ. ಗಿಟ್‌ನ ಕಮಿಟ್ ಸಂದೇಶ ಹೇಳಬಲ್ಲದು.

ಹರಿಹರೇಶ್ವರ ದೇವಸ್ಥಾನದ ಶಾಸನಗಳ ಮುಂದೆ ಒಮ್ಮೆ ನಿಂತು ನೋಡಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸಿದ್ದು 1224ರ ಸುಮಾರಿಗೆ. ಯಾರು, ಯಾವಾಗ, ಏನು ಕೊಟ್ಟರು, ಯಾತಕ್ಕಾಗಿ ಎಂಬುದನ್ನು ಕಲ್ಲಿನ ಮೇಲೆ ಬಿಡಿಸಿ ಬರೆದ ಕಾರಣಕ್ಕೇ ಎಂಟುನೂರು ವರ್ಷದ ನಂತರವೂ ನಮಗೆ ತಿಳಿಯುತ್ತದೆ. ಕಮಿಟ್ ಸಂದೇಶವನ್ನು ಹಾಗೆ ಬರೆಯಿರಿ. "ಸಣ್ಣ ಬದಲಾವಣೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಮ್ಯಾಕ್ಸ್‌ಯೂಸರ್ 1000ದಿಂದ 1500ಕ್ಕೆ. ತಿಂಗಳ ಕೊನೆಯಲ್ಲಿ ಹೊಸ ಅಡ್ರೆಸ್ ಸ್ಪೇಸ್‌ಗೆ ಜಾಗ ಸಾಲಲಿಲ್ಲ. ಮುಂದಿನ ಐಪಿಎಲ್‌ನಿಂದ ಜಾರಿ" ಎಂದರೆ ನಿಮ್ಮ ನಂತರ ಬರುವವರು ನಿಮ್ಮನ್ನು ನೆನೆಯುತ್ತಾರೆ.

4. ಅಕ್ಷರಗಳ ಲೆಕ್ಕ ತಪ್ಪಿಸಬೇಡಿ

ಲ್ಯಾಪ್‌ಟಾಪ್ ಮಾತಾಡುವುದು ಯುಟಿಎಫ್-8, ಮೇನ್‌ಫ್ರೇಮ್ ಮಾತಾಡುವುದು ಎಬ್ಸಿಡಿಕ್. ಲ್ಯಾಪ್‌ಟಾಪ್‌ಗೆ ದೊಡ್ಡಕ್ಷರದ 'ಎ' ಹೆಕ್ಸ್ 41, ಮೇನ್‌ಫ್ರೇಮ್‌ಗೆ ಹೆಕ್ಸ್ ಸಿ1. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಎಬ್ಸಿಡಿಕ್‌ನಲ್ಲೇ ಹಲವು ಪ್ರಭೇದಗಳಿವೆ ಎಂಬುದು. ಎಡ ಚೌಕ ಆವರಣವನ್ನೇ ತೆಗೆದುಕೊಳ್ಳಿ: ಕೋಡ್‌ಪೇಜ್ 037ರಲ್ಲಿ ಅದು ಹೆಕ್ಸ್ ಬಿಎ, 1047ರಲ್ಲಿ ಹೆಕ್ಸ್ ಎಡಿ. ಎಮ್ಯುಲೇಟರ್ 037ರಲ್ಲಿದ್ದರೆ ನಿಮ್ಮ ಸಿ ಪ್ರೋಗ್ರಾಂನ ಅರೇ ಪರದೆಯ ಮೇಲೆ ಮುದ್ದಾಗಿ ಕಾಣುತ್ತದೆ. 1047 ನಿರೀಕ್ಷಿಸುವ ಕಂಪೈಲರ್ ಮಾತ್ರ ಅದನ್ನು ಒಪ್ಪುವುದಿಲ್ಲ. ಇಡೀ ಮಧ್ಯಾಹ್ನ ತಿನ್ನುವ ತಪ್ಪು ಇದು. ಹೀಗಾಗಿ ಗಿಟ್‌ಗೆ ಮೊದಲ ಕಡತ ಹಾಕುವ ಮುನ್ನವೇ ಯಾವುದಕ್ಕೆ ಯಾವ ಕೋಡ್‌ಪೇಜ್ ಎಂದು ತಂಡದಲ್ಲಿ ತೀರ್ಮಾನಿಸಿ, ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಬರೆದಿಡಿ. ಸಂದೇಹ ಬಂದರೆ ಐಎಸ್‌ಪಿಎಫ್‌ನಲ್ಲಿ ಹೆಕ್ಸ್ ಆನ್ ಕೊಟ್ಟು ಬೈಟನ್ನೇ ನೋಡಿ.

5. ಎಡಿಟರ್‌ನಲ್ಲಿ ಗೆರೆ ಎಳೆದುಕೊಳ್ಳಿ

ಜೆಸಿಎಲ್ ಓದುವುದು 71ನೇ ಕಾಲಂವರೆಗೆ, ಅಸೆಂಬ್ಲರ್‌ಗೆ 72 ಮುಂದುವರಿಕೆಯ ಗುರುತು. ವಿಎಸ್ ಕೋಡ್‌ನಲ್ಲಿ 71, 72, 80ಕ್ಕೆ ರೂಲರ್ ಹಾಕಿ, ಟ್ಯಾಬ್ ಬದಲು ಸ್ಪೇಸ್ ಇಡಿ. ಎರಡು ನಿಮಿಷದ ಕೆಲಸ.

6. ಆನ್ಸಿಬಲ್‌ಗೆ ಬೇಸರದ ಕೆಲಸ ಒಪ್ಪಿಸಿ

ಉತ್ಸಾಹದಲ್ಲಿ ಇಡೀ ಐಪಿಎಲ್ ಅನ್ನೇ ಆಟೋಮೇಟ್ ಮಾಡಲು ಹೊರಡಬೇಡಿ. ಪ್ರತಿ ಎಲ್ಪಾರ್‌ಗೂ (ಯಂತ್ರದೊಳಗಿನ ಪ್ರತ್ಯೇಕ ವಿಭಾಗ) ಬೆಳಿಗ್ಗೆ ಲಾಗಿನ್ ಆಗಿ ಜಾಗ ಎಷ್ಟಿದೆ, ಯಾವ ಟಾಸ್ಕ್ ಓಡುತ್ತಿದೆ ಎಂದು ನೋಡುತ್ತೀರಲ್ಲ, ಅದನ್ನು ಮೊದಲು ಆನ್ಸಿಬಲ್ ಎಂಬ ಆಟೋಮೇಷನ್ ಸಲಕರಣೆಯ ಪ್ಲೇಬುಕ್ ಮಾಡಿ. ತಿದ್ದುಪಡಿ ಹಾಕುವ ಎಸ್‌ಎಂಪಿ/ಇಯಲ್ಲಿ ಹಿರಿಯರು ಅಪ್ಲೈಗೆ ಮೊದಲು, ಏನನ್ನೂ ಬದಲಿಸದ ಅಪ್ಲೈ ಚೆಕ್ ಓಡಿಸುತ್ತಾರೆ. ಆ ಶಿಸ್ತು ಇಲ್ಲಿಗೂ ಬರಲಿ. ಆನ್ಸಿಬಲ್‌ಗೂ ಚೆಕ್ ಮೋಡ್ ಇದೆ, ಆದರೆ ಎಲ್ಲ ಮಾಡ್ಯೂಲ್‌ಗಳೂ ಅದನ್ನು ಪಾಲಿಸುವುದಿಲ್ಲ. ಆದ್ದರಿಂದ ಟೆಸ್ಟ್ ಎಲ್ಪಾರ್ ಬಿಟ್ಟು ಬೇರೆ ಕಡೆ ಮೊದಲ ಪ್ರಯೋಗ ಬೇಡವೇ ಬೇಡ.

7. ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ

ಗಿಟ್‌ಗೆ ಒಮ್ಮೆ ಹೋದರೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ.

8. ಇನ್ನೂ ಓದುತ್ತಿರುವವರು ಕಾಯಬೇಕಿಲ್ಲ

ಐಬಿಎಂನ ಝಡ್ ಎಕ್ಸ್‌ಪ್ಲೋರ್‌ನಲ್ಲಿ ನಿಜವಾದ ಝಡ್/ಓಎಸ್ ಮೇಲೆ ಉಚಿತವಾಗಿ ಕಲಿಯಬಹುದು, ಆರಂಭದ ಪಾಠಗಳಲ್ಲೇ ವಿಎಸ್ ಕೋಡ್, ಝೋವಿ ಸಿಗುತ್ತವೆ. ದಾವಣಗೆರೆ ವಿದ್ಯಾನಗರದ ಹಾಸ್ಟೆಲ್ ಕೋಣೆಯ ಇಂಟರ್‌ನೆಟ್ ಸಾಕು.

9. ಹಿರಿಯರ ರೆಕ್ಸ್ ಉಳಿಸಿಕೊಳ್ಳಿ

ಪ್ರತಿ ತಂಡದಲ್ಲೂ ನಿವೃತ್ತಿಗೆ ಹತ್ತಿರವಾದ ಒಬ್ಬರು ಇರುತ್ತಾರೆ. ಅವರ ಸ್ವಂತ ಲೈಬ್ರರಿಯಲ್ಲಿ ರೆಕ್ಸ್ ಭಾಷೆಯಲ್ಲಿ ಬರೆದ ಸಣ್ಣ ಸಣ್ಣ ಎಕ್ಸೆಕ್‌ಗಳಿರುತ್ತವೆ, ಇಡೀ ತಂಡದ ಕೆಲಸ ಅವುಗಳ ಮೇಲೆ ನಡೆಯುತ್ತಿರುತ್ತದೆ. ಅವುಗಳನ್ನು ಪೈಥಾನ್‌ಗೆ ಬದಲಿಸುವ ಆತುರ ಬೇಡ. ಒಂದು ಸಂಜೆ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದೊಂದನ್ನೂ ತೆರೆದು, "ಇದು ಯಾಕೆ ಬರೆದಿರಿ ಸರ್?" ಎಂದು ಕೇಳಿ. ಅವರು ಹೇಳಿದ್ದನ್ನು ಮೇಲ್ಭಾಗದ ಕಾಮೆಂಟ್‌ನಲ್ಲಿ ಬರೆಯಿರಿ. ಆಮೇಲೆ ಗಿಟ್‌ಗೆ ಸೇರಿಸಿ, ಆ ಕಮಿಟ್‌ನಲ್ಲಿ ಲೇಖಕರಾಗಿ ಅವರ ಹೆಸರನ್ನೇ ಹಾಕಿ.